ಬಿಲ್ಲಿನ ಆ ಒಂದು ಸಾಲು
ಬೆಂಗಳೂರಿನಲ್ಲಿ ಹೊರಗೆ ತಿನ್ನಬೇಕೆಂದರೆ ನನ್ನ ಓಟು ಈಗಲೂ ದರ್ಶಿನಿಗೇ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ಈ ನಿಂತು ತಿನ್ನುವ ಪದ್ಧತಿಯಲ್ಲಿ ಯಾರ ಮರ್ಜಿಯನ್ನೂ ಕಾಯಬೇಕಿಲ್ಲ. ದುಡ್ಡು ಕೊಟ್ಟು ಟೋಕನ್ ಚಾಚಿದರೆ ಸಾಂಬಾರಿನಲ್ಲಿ ಮುಳುಗಿದ ಇಡ್ಲಿ-ವಡೆ ಕೈಗೆ ಬರುತ್ತದೆ. ಕೌಂಟರಿನವನು ಸೌಟಿನಲ್ಲಿ ಚಟ್ನಿ ಸುರಿಯುವ ರಭಸಕ್ಕೆ ಅದು ತಟ್ಟೆಯ ಅಂಚು ದಾಟಿ ಅಂಗಿಯ ತೋಳಿಗೂ ಹಾರುತ್ತದೆ, ಹಾರಲಿ ಬಿಡಿ. ಕೂತು ತಿನ್ನುವ ಆಸೆಯಾದರೆ ಗಾಂಧಿ ಬಜಾರಿನಲ್ಲಿ 1943ರಿಂದ ವಿದ್ಯಾರ್ಥಿ ಭವನವಿದೆ. ಮಾಣಿಯೊಬ್ಬ ಒಂದೇ ತೋಳಿನ ಮೇಲೆ ಮಸಾಲೆ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು ಬರುವುದನ್ನು ನೋಡಲಿಕ್ಕಾದರೂ ಅಲ್ಲಿ ಕ್ಯೂ ನಿಲ್ಲಬಹುದು. ನನ್ನ ತಕರಾರೆಲ್ಲ ಮಬ್ಬು ದೀಪದ ಹೊಸ ರೆಸ್ಟೋರೆಂಟುಗಳ ಮೇಲೆ. ಮೆನು ಓದಲು ಮೊಬೈಲ್ ತೆಗೆಯಬೇಕು, ಸಾದಾ ನೀರು ಕೇಳುವಷ್ಟರಲ್ಲಿ ಬಾಟಲಿಯ ಮುಚ್ಚಳ ತಿರುಗಿಸಿರುತ್ತಾರೆ, ಹಾಡಿನ ಅಬ್ಬರದಲ್ಲಿ ಎದುರು ಕೂತವರ ಮಾತು ಕೇಳಿಸದು. ಪನೀರಿಗೆ ಹೆಸರು ಹತ್ತಾರು, ಗ್ರೇವಿ ಮಾತ್ರ ಒಂದೇ! ಇಷ್ಟರ ಮೇಲೆ ಬಿಲ್ಲಿನಲ್ಲಿ ಸದ್ದಿಲ್ಲದೆ ಸೇರಿರುವ ಸೇವಾ ಶುಲ್ಕ. ಜಿಎಸ್‌ಟಿ ಸರ್ಕಾರದ ತೆರಿಗೆ, ಕೊಡಲೇಬೇಕು. ಇದು ಹಾಗಲ್ಲ. ಇದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾತನ್ನು ಎತ್ತಿಹಿಡಿಯಿತು. ಆದರೂ ಜೊತೆಯಲ್ಲಿದ್ದವರ ಮುಂದೆ ಕೇಳುವುದು ಹೇಗೆಂದು ಮುಜುಗರಪಟ್ಟು ಕೊಟ್ಟು ಬರುವವರೇ ಹೆಚ್ಚು. ಬಡಿಸಿದ ಹುಡುಗನಿಗೆ ಟಿಪ್ಸನ್ನು ಕೈಗೇ ಕೊಡಿ, ಧಾರಾಳವಾಗಿ ಕೊಡಿ. ಬಿಲ್ಲಿನ ಆ ಸಾಲನ್ನು ಮಾತ್ರ ಸಂಕೋಚ ಬಿಟ್ಟು ತೆಗೆಸಿ.