ಇಂಗ್ಲಿಷ್ ಬಂದರೆ ಸಾಕೇ?

‘ಇಂಗ್ಲಿಷ್ ಮಾತಾಡಲು ಬಂದರೆ ಸಾಕು, ಪಾಠ ಹೇಳಿಕೊಂಡೇ ದೇಶ ಸುತ್ತಬಹುದು’ ಎಂಬ ಕಳೆದ ಸಂಚಿಕೆಯ ಲೇಖನವನ್ನು ನಾನು ಒಪ್ಪಲಾರೆ. ಲೇಖಕರು ಹೊಗಳಿರುವ ದಕ್ಷಿಣ ಕೊರಿಯಾವನ್ನೇ ನೋಡೋಣ. ಅಲ್ಲಿ ಇಂಗ್ಲಿಷ್ ಕಲಿಸಲು ಬೇಕಾದ ಇ-2 ವೀಸಾ ಸಾಮಾನ್ಯವಾಗಿ ಸಿಗುವುದು ಏಳೇ ದೇಶಗಳ ಪ್ರಜೆಗಳಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ನಮ್ಮವರಿಗೂ ಒಂದು ಕಿಂಡಿ ತೆರೆಯಿತು, ನಿಜ. ಆದರೆ ಅದು ಶಿಕ್ಷಕ ಅರ್ಹತೆ ಪಡೆದವರಿಗೆ, ಶಾಲೆಗಳಲ್ಲಿ ಸಹಾಯಕರಾಗಲು ಮಾತ್ರ. ಈ ತಾರತಮ್ಯದ ಬಗ್ಗೆ ಲೇಖನದಲ್ಲಿ ಚಕಾರವಿಲ್ಲ.

ಸುತ್ತಾಟದ ಮಾತೂ ಅಷ್ಟೆ. ಆ ವೀಸಾ ಕೆಲಸ ಕೊಟ್ಟವರಿಗೆ ಕಟ್ಟುಬಿದ್ದದ್ದು; ಮನಸ್ಸು ಬಂದಾಗ ಕೆಲಸ ಬಿಟ್ಟು ಬೇರೆ ಊರಿಗೆ ಹೋಗುವಂತಿಲ್ಲ. ಇಂಥ ಮೇಷ್ಟರನ್ನು ನೇಮಿಸಿಕೊಳ್ಳುವ ‘ಹಗ್ವಾನ್’ ಎಂಬ ಖಾಸಗಿ ಟ್ಯೂಷನ್ ಶಾಲೆಗಳಿಗೆ ಹೆಚ್ಚಿನ ಮಕ್ಕಳು ಬರುವುದೇ ಶಾಲೆ ಬಿಟ್ಟ ಮೇಲೆ; ಹಾಗಾಗಿ ಅಲ್ಲಿ ಕಲಿಸುವವರ ಸಂಜೆಗಳು ಪಾಠಕ್ಕೇ ಹೋಗುತ್ತವೆ.

ಇಂಗ್ಲಿಷ್ ಹುಟ್ಟುಭಾಷೆಯಾದವರೇ ಒಳ್ಳೆಯ ಮೇಷ್ಟರು ಎಂಬ ಸಾಲು ನನ್ನನ್ನು ಹೆಚ್ಚು ನೋಯಿಸಿತು. ಅಲ್ಲಿ ಇಂಗ್ಲಿಷ್ ಕಲಿಯುವ ಮಗುವಿನ ಮಾತನ್ನೇ ನೋಡಿ: ಕೊರಿಯನ್ ವಾಕ್ಯದಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೆ. ನಾಮಪದಕ್ಕೆ ವಿಭಕ್ತಿಯಂಥ ಪ್ರತ್ಯಯ ಹತ್ತುತ್ತದೆ. ಇಂಗ್ಲಿಷಿನ ‘ಎ’, ‘ದಿ’ಗಳಿಗೆ ಸಮನಾದದ್ದಿಲ್ಲ. ಕಾಫಿಯ ‘ಫಿ’ ನಮ್ಮ ಹಳ್ಳಿಗಳಲ್ಲಾಗುವಂತೆ ಅಲ್ಲಿಯೂ ‘ಪಿ’ಯಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ‘ದಿ’ ಎಲ್ಲಿ ಹಾಕಬೇಕೆಂದು ವರ್ಷಗಟ್ಟಲೆ ಒದ್ದಾಡಿ ಕಲಿತ ಮೇಷ್ಟರಿಗೆ ಆ ಮಗು ಎಲ್ಲಿ ಎಡವುತ್ತದೆಂದು ಗೊತ್ತು. ಅಂಥವರ ಪಾಸ್‌ಪೋರ್ಟ್ ನೋಡಿಯೇ ಅರ್ಜಿಯನ್ನು ಪಕ್ಕಕ್ಕಿಡುವ ವ್ಯವಸ್ಥೆಯನ್ನು ‘ಎಲ್ಲರಿಗೂ ತೆರೆದ ಬಾಗಿಲು’ ಎಂದು ಬರೆದದ್ದು ತಪ್ಪು.