ಟ್ಯಾಬ್ಲೆಟ್ಟುಗಳ ವೇಗವನ್ನು ಅಳೆಯುವ ಬಗೆ

ಮಾರುಕಟ್ಟೆಗೆ ಹೊಸ ಟ್ಯಾಬ್ಲೆಟ್ ಬಂದೊಡನೆ ಅದರ ಬ್ರೌಸರಿನ ವೇಗವನ್ನು ಒಂದೇ ಅಂಕದಲ್ಲಿ ಸಾರುವ ವಾಡಿಕೆ ಈಗ ಬೇರೂರಿದೆ. ಇದಕ್ಕೆ ಇಷ್ಟು, ಅದಕ್ಕೆ ಅಷ್ಟು. ಆದುದರಿಂದ ಇದೇ ಮೇಲು ಎಂಬ ತೀರ್ಪು ಹೊರಬೀಳುತ್ತದೆ. ಮಕ್ಕಳ ವ್ಯಾಸಂಗಕ್ಕೆಂದು ಕೂಡಿಟ್ಟ ಹಣದಿಂದ ಟ್ಯಾಬ್ಲೆಟ್ ಕೊಳ್ಳಹೊರಟ ಗೃಹಸ್ಥರು ಈ ತೀರ್ಪನ್ನು ನಂಬಿ ಹೆಚ್ಚಿನ ಬೆಲೆ ತೆರುವುದುಂಟು. ಹೇಗೆ ಅಳೆದರೆಂಬುದನ್ನು ಹೇಳದ ಅಂಕಿಯನ್ನು ಭೌತವಿಜ್ಞಾನವು ಅಳತೆಯೆಂದು ಒಪ್ಪುವುದಿಲ್ಲ. ಕೊಳ್ಳುವವರೂ ಒಪ್ಪಬಾರದೆಂಬುದು ನಮ್ಮ ಅಭಿಪ್ರಾಯ.

ಈ ಅಂಕವು ಅಳೆಯುವುದಾದರೂ ಏನನ್ನು? ೨೦೧೨ರಲ್ಲಿ ಗೂಗಲ್ ಸಂಸ್ಥೆ ಹೊರತಂದ ಆಕ್ಟೇನ್ ಎಂಬ ಪರೀಕ್ಷೆ ಕೆಲವು ವರ್ಷ ಒರೆಗಲ್ಲಾಗಿ ಮೆರೆಯಿತು. ಬ್ರೌಸರ್ ನಿರ್ಮಾಪಕರು ಆ ಪರೀಕ್ಷೆಗೆ ಒಗ್ಗುವಂತೆ ತಮ್ಮ ತಂತ್ರಾಂಶವನ್ನು ತಿದ್ದುತ್ತ ಹೋದರು. ಅಂಕವೇನೋ ಏರಿತು, ನಿಜವಾದ ಪುಟಗಳ ವೇಗ ಅದಕ್ಕೆ ತಕ್ಕಂತೆ ಏರಲಿಲ್ಲ. ಕಡೆಗೆ ೨೦೧೭ರಲ್ಲಿ ರೂಪಿಸಿದವರೇ ಅದನ್ನು ಕೈಬಿಟ್ಟರು. ಆಪಲ್, ಗೂಗಲ್, ಮೊಜಿಲ್ಲಾ ಸಂಸ್ಥೆಗಳು ಕೂಡಿ ೨೦೨೪ರಲ್ಲಿ ಪ್ರಕಟಿಸಿದ ಸ್ಪೀಡೋಮೀಟರ್ ೩ ಇದಕ್ಕಿಂತ ಉತ್ತಮವಾದುದು. ಪಟ್ಟಿಗೆ ಸೇರಿಸುವುದು, ಅಳಿಸುವುದು ಮೊದಲಾಗಿ ಬಳಸುವವರು ಮಾಡುವ ಕೆಲಸಗಳನ್ನು ಅದು ಅನುಕರಿಸುತ್ತದೆ. ಆದರೆ ಪುಟವು ದೂರದಿಂದ ಬಂದು ತಲಪಲು ಹಿಡಿಯುವ ಕಾಲ ಅದರ ಲೆಕ್ಕಕ್ಕೆ ಬಾರದು.

ಆ ಕಾಲವಾದರೋ ಅಲ್ಪವಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಸರ್ವರ್ ೧೦,೦೦೦ ಕಿಲೋಮೀಟರ್ ದೂರವಿದ್ದರೆ ಸಂಕೇತವು ಒಮ್ಮೆ ಹೋಗಿಬರಲು ೦.೧ ಸೆಕೆಂಡು ಬೇಕೇ ಬೇಕು. ಸಂಪರ್ಕ ಕೂಡಿಸಲು ಒಮ್ಮೆ, ಸಂದೇಶದ ಗೋಪ್ಯತೆಯನ್ನು ಏರ್ಪಡಿಸಲು ಒಮ್ಮೆ, ಪುಟವನ್ನು ಕೇಳಿ ಪಡೆಯಲು ಒಮ್ಮೆ, ಹೀಗೆ ಮೂರು ಸಲ ಹೋಗಿಬಂದರೆ ಮೊದಲ ಅಕ್ಷರ ಬರುವಷ್ಟರಲ್ಲಿ ೦.೩ ಸೆಕೆಂಡು ಕಳೆದಿರುತ್ತದೆ. ಪ್ರೊಸೆಸರಿನ ವೇಗವನ್ನು ಇಮ್ಮಡಿಸಿದರೂ ಈ ಕಾಲ ಎಳ್ಳಷ್ಟೂ ಕುಗ್ಗದು.

ಇನ್ನು ಟ್ಯಾಬ್ಲೆಟ್ಟನ್ನೇ ನೋಡೋಣ. ಸಾಮಾನ್ಯವಾಗಿ ಅದರೊಳಗೆ ಫ್ಯಾನ್ ಇರುವುದಿಲ್ಲ. ಬಿಸಿಯೇರಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೊದಲ ಸಲದ ಅಂಕ ಹತ್ತನೆಯ ಸಲ ಬಾರದಿರಬಹುದು. ರ್‍ಯಾಮ್ ಕಡಿಮೆಯಿದ್ದರೆ, ಹಿಂದೆ ತೆರೆದಿಟ್ಟ ಪುಟವನ್ನು ಬ್ರೌಸರ್ ಮರೆತುಬಿಟ್ಟು, ನಾವು ಮರಳಿದಾಗ ಹೊಸದಾಗಿ ತರಿಸುತ್ತದೆ. ಎರಡರಲ್ಲಿಯೂ ಕ್ರೋಮ್ ಬಳಸಿದ ಮಾತ್ರಕ್ಕೆ ಹೋಲಿಕೆ ಸಮವಾಗದು: ನಮ್ಮ ದೇಶದಲ್ಲಿ ಐಪ್ಯಾಡಿನ ಕ್ರೋಮ್ ನಡೆಯುವುದು ಆಪಲ್ಲಿನ ವೆಬ್‌ಕಿಟ್ ಎಂಜಿನಿನಿಂದ, ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನ ಕ್ರೋಮ್ ನಡೆಯುವುದು ಬ್ಲಿಂಕ್ ಎಂಜಿನಿನಿಂದ.

ವೇಗದ ಪ್ರೊಸೆಸರ್ ವ್ಯರ್ಥವೆಂದು ಇದರ ಅರ್ಥವಲ್ಲ. ಪುಟಗಳು ಭಾರವಾದಷ್ಟೂ ಅದರ ಬೆಲೆ ತಿಳಿಯುತ್ತದೆ. ನಾವು ಕೇಳುವುದಿಷ್ಟೇ: ಅಂಕವನ್ನು ಪ್ರಕಟಿಸುವವರು ಯಾವ ಬ್ರೌಸರ್, ಯಾವ ಸಂಪರ್ಕ, ಎಷ್ಟು ಸಲ ಅಳೆದರು, ಎಷ್ಟು ಏರುಪೇರು ಕಂಡಿತು ಎಂಬುದನ್ನೂ ಜೊತೆಯಲ್ಲಿ ಪ್ರಕಟಿಸಲಿ. ಕೊಳ್ಳುವವರು ಅಂಗಡಿಯಲ್ಲಿ ಎರಡು ಟ್ಯಾಬ್ಲೆಟ್ಟುಗಳನ್ನು ಒಂದೇ ವೈ-ಫೈಗೆ ಸೇರಿಸಿ, ತಾವು ನಿತ್ಯ ಓದುವ ಹತ್ತು ಪುಟಗಳನ್ನು ತೆರೆದು, ಮತ್ತೆ ಮೊದಲನೆಯದಕ್ಕೆ ಮರಳಿ ನೋಡಲಿ. ಅಲ್ಲಿ ಕಣ್ಣಿಗೆ ಕಾಣದ ವೇಗಕ್ಕೆ ಹಣ ತೆರಬೇಕಾದ ಅಗತ್ಯವಿಲ್ಲ.