ನೀಲಿ ಬಾವುಟವೂ ನಮ್ಮ ಹೊಣೆಯೂ

ಹೊನ್ನಾವರದ ಬಳಿಯ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಇವೆರಡು ಕಡಲತೀರಗಳಿಗೆ 2020ರಲ್ಲಿ ‘ನೀಲಿ ಬಾವುಟ’ದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಈ ಮನ್ನಣೆಗೆ 33 ನಿಬಂಧನೆಗಳಿವೆ. ಪ್ರತಿವರ್ಷವೂ ಅರ್ಹತೆಯನ್ನು ಹೊಸದಾಗಿ ಸಿದ್ಧಪಡಿಸಿ ತೋರಿಸಬೇಕು.

ಮರಳನ್ನು ಗುಡಿಸಿದೊಡನೆ ತೀರವು ಶುಚಿಯಾಯಿತೆಂದು ನಾವು ಭಾವಿಸುವುದುಂಟು. ವಿಜ್ಞಾನವು ಅಷ್ಟಕ್ಕೆ ತೃಪ್ತಿಪಡದು. 100 ಮಿಲಿಲೀಟರ್ ನೀರಿನಲ್ಲಿ ಕರುಳುವಾಸಿ ಬ್ಯಾಕ್ಟೀರಿಯವಾದ ಈ-ಕೋಲೈಯ ಎಣಿಕೆ 250ನ್ನು ಮೀರಕೂಡದೆಂಬುದು ನಿಬಂಧನೆಗಳಲ್ಲೊಂದು. ಸ್ಫಟಿಕದಂತೆ ತೋರುವ ನೀರೂ ಈ ಪರೀಕ್ಷೆಯಲ್ಲಿ ಸೋಲಬಹುದು. ಏಕೆಂದರೆ ಊರಿನ ಮಲಿನಜಲವು ಚರಂಡಿಯಿಂದ ಹಳ್ಳಕ್ಕೂ, ಹಳ್ಳದಿಂದ ಹೊಳೆಗೂ, ಹೊಳೆಯಿಂದ ಕಡಲಿಗೂ ಹರಿಯುತ್ತದೆ.

ಆದುದರಿಂದ ತೀರವನ್ನು ಕಾಯುವ ಹೊಣೆ ತೀರವಾಸಿಗಳದು ಮಾತ್ರವಲ್ಲ, ಒಳನಾಡಿನವರದೂ ಹೌದೆಂಬುದು ನಮ್ಮ ಅಭಿಪ್ರಾಯ. ವರ್ಷಕ್ಕೊಮ್ಮೆ ಕಸ ಹೆಕ್ಕುವ ಶ್ರಮದಾನವು ಶ್ಲಾಘನೀಯವೇ ಸರಿ. ಆದರೆ ನೀರಿನ ಪರೀಕ್ಷೆಯ ಫಲಿತಾಂಶವನ್ನು ತೀರದ ಫಲಕದಲ್ಲಿ ಪ್ರಕಟಿಸಬೇಕೆಂಬ ನಿಯಮವೂ ಉಂಟು. ಅದನ್ನು ತಪ್ಪದೆ ಓದಿ, ಎಣಿಕೆ ಏರಿದಾಗ ಕಾರಣ ಕೇಳುವ ನಾಗರಿಕರು ಇನ್ನೂ ಅಗತ್ಯ. ವಿದ್ಯಾರ್ಥಿಮಿತ್ರರು ಈ ಕೆಲಸಕ್ಕೆ ಮೊದಲಾಗಲಿ. ಬಾವುಟವಿಲ್ಲದ ತೀರಗಳಲ್ಲಿಯೂ ಜನರು ಸ್ನಾನಮಾಡುತ್ತಾರೆ, ಮಕ್ಕಳು ಆಡುತ್ತಾರೆ. ಅಲ್ಲಿಯ ನೀರನ್ನೂ ಇದೇ ಅಳತೆಯಿಂದ ಪರೀಕ್ಷಿಸಬೇಕೆಂದು ನಮ್ಮ ನಮ್ಮ ಗ್ರಾಮಸಭೆಗಳಲ್ಲಿ ನಾವು ಕೇಳಬೇಕು.